ತಲೆಗಿಂತ ಎತ್ತರದ ಬೋಲ್ಟಿಗೆ ಗಾಳಿಯ ರೆಂಚ್

ನನ್ನ ಮಿಲ್ಲಿಂಗ್ ಯಂತ್ರದ ಡ್ರಾಬಾರ್‌ನ ತಲೆ ನನ್ನ ತಲೆಗಿಂತ ಎರಡು ಗೇಣು ಮೇಲಿದೆ. ಡ್ರಾಬಾರ್ ಎಂದರೆ ತಿರುಗುವ ಸ್ಪಿಂಡಲ್‌ನ ಒಳಗೆ ಹಾದು, ಕಟರ್‌ನ ಹಿಡಿಕೆಯನ್ನು ಮೇಲೆಳೆದು ಬಿಗಿಯುವ ಉದ್ದನೆಯ ಬೋಲ್ಟು. ಕಟರ್ ಬದಲಿಸಬೇಕೆಂದರೆ ಸ್ಟೂಲು ಹತ್ತಿ, ಎಡಗೈಯಲ್ಲಿ ಬ್ರೇಕ್ ಅದುಮಿ, ಬಲಗೈಯಲ್ಲಿ ಸ್ಪ್ಯಾನರ್ ತಿರುಗಿಸಿ, ಆಮೇಲೆ ಸುತ್ತಿಗೆಯಿಂದ ಒಂದು ಏಟು ಕೊಡಬೇಕಿತ್ತು. ಸ್ಪಿಂಡಲ್‌ನಲ್ಲಿ ಕಚ್ಚಿಕೊಂಡ ಟೇಪರ್ (ಕಿರಿದಾಗುತ್ತ ಹೋಗುವ ಭಾಗ) ಬಿಟ್ಟುಕೊಂಡಾಗ ಕೆಳಗೆ ಬೀಳುವ ಕೋಲೆಟನ್ನು (ಕಟರನ್ನು ಹಿಡಿಯುವ ಸೀಳು ಕೊಳವೆ) ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು? ಒಂದೇ ರಂಧ್ರಕ್ಕಾಗಿ ಡ್ರಿಲ್ ಚಕ್, ಎಂಡ್ ಮಿಲ್, ಬೋರಿಂಗ್ ಹೆಡ್ ಎಂದು ಮೂರು ಸಲ ಸ್ಟೂಲು ಹತ್ತಿಳಿದ ದಿನವೇ, ಡ್ರಾಬಾರನ್ನು ಗಾಳಿಯ ಒತ್ತಡದಿಂದ ತಿರುಗಿಸುವ ಸಾಧನ ಮಾಡಲು ಕೈ ಹಾಕಿದೆ.

ಬಟ್ಟಲಿನಂತೆ ಬಾಗಿದ ಬೆಲ್‌ವಿಲ್ ವಾಷರ್‌ಗಳನ್ನು ಜೋಡಿಸಿ, ಅವುಗಳ ಸ್ಪ್ರಿಂಗ್ ಬಲದಿಂದಲೇ ಡ್ರಾಬಾರನ್ನು ಮೇಲೆಳೆದು ಹಿಡಿಯುವ ವಿಧಾನವೂ ಇದೆ. ಅದು ನನಗೆ ಒಗ್ಗಲಿಲ್ಲ. ನನ್ನದು ಆರ್8 ಎಂಬ ಮಾದರಿಯ ಟೇಪರ್. ಡ್ರಾಬಾರ್ 7/16 ಇಂಚಿನ, ಇಂಚಿಗೆ 20 ಸುತ್ತಿನ ಥ್ರೆಡ್‌ನಲ್ಲಿ ಕೋಲೆಟನ್ನು ಹಿಡಿದಿರುತ್ತದೆ. ವಾಷರ್‌ಗಳನ್ನು ಅದುಮಿದರೆ ಹಿಡಿತ ಸಡಿಲವಾಗುತ್ತದೆಯೇ ಹೊರತು ಕೋಲೆಟ್ ಕೈಗೆ ಬರುವುದಿಲ್ಲ. ಅದನ್ನು ತಿರುಗಿಸಿಯೇ ಬಿಚ್ಚಬೇಕು. ಹಾಗಾಗಿ ಚಿಟ್ಟೆಯ ರೆಕ್ಕೆಯಂತಹ ಗುಂಡಿಯಿರುವ, ಏಟಿನ ಮೇಲೆ ಏಟು ಕೊಟ್ಟು ಬೋಲ್ಟು ತಿರುಗಿಸುವ, ಗಾಳಿಯಿಂದ ನಡೆಯುವ ಸಣ್ಣ ಇಂಪ್ಯಾಕ್ಟ್ ರೆಂಚ್ ಆರಿಸಿಕೊಂಡೆ.

ರಚನೆ ಸರಳ. ಎರಡು ಕಂಬಿಗಳ ಮೇಲೆ ಜಾರುವ ಒಂದು ಅಲ್ಯೂಮಿನಿಯಂ ತಟ್ಟೆ, ಅದಕ್ಕೆ ತಲೆಕೆಳಗಾಗಿ ಕಟ್ಟಿದ ರೆಂಚ್, ತಟ್ಟೆಯನ್ನು ಕೆಳಕ್ಕೆ ಒತ್ತಲು 50 ಮಿ.ಮೀ. ಒಳವ್ಯಾಸದ ಗಾಳಿಯ ಸಿಲಿಂಡರ್, ಮೇಲೆತ್ತಲು ಎರಡು ಸ್ಪ್ರಿಂಗ್. ರೆಂಚ್‌ನ ಗುಂಡಿಯ ಎರಡು ರೆಕ್ಕೆಗಳನ್ನು ಒತ್ತಲು ಎರಡು ಪುಟ್ಟ ಸಿಲಿಂಡರ್‌ಗಳು. ಕ್ವಿಲ್ (ಸ್ಪಿಂಡಲನ್ನು ಹೊತ್ತು ಮೇಲೆ ಕೆಳಗೆ ಸರಿಯುವ ಕೊಳವೆ) ಪೂರ್ತಿ ಮೇಲಿದ್ದಾಗ ಮಾತ್ರ ರೆಂಚಿನ ಸಾಕೆಟ್ ಡ್ರಾಬಾರ್‌ನ ತಲೆಗೆ ಎಟುಕುತ್ತದೆ.

ಸುತ್ತಿಗೆಯ ಕೆಲಸವನ್ನು ಯಾರು ಮಾಡಬೇಕು ಎಂಬುದೇ ಕಗ್ಗಂಟಾಗಿತ್ತು. ಬಿಚ್ಚುವಾಗ ಥ್ರೆಡ್ ಡ್ರಾಬಾರನ್ನು ಮೇಲಕ್ಕೆ ತಳ್ಳುತ್ತದೆ. ಅದನ್ನು ಮೇಲೇಳಲು ಬಿಡದಿದ್ದರೆ ಅದೇ ಥ್ರೆಡ್ ಕೋಲೆಟನ್ನು ಕೆಳಕ್ಕೆ ನೂಕಬೇಕಷ್ಟೆ! 90 ಪಿಎಸ್‌ಐ (ಚದರ ಇಂಚಿಗೆ 90 ಪೌಂಡ್) ಒತ್ತಡದಲ್ಲಿ ತಟ್ಟೆಯನ್ನು ಒತ್ತುವ ಸಿಲಿಂಡರ್ ಸುಮಾರು 120 ಕಿಲೊ ಭಾರದಷ್ಟು ಒತ್ತುತ್ತದೆ. ಸಾಕೆಟಿನ ಒಳಗೆ ಒಂದು ಉಕ್ಕಿನ ಬಿಲ್ಲೆ ಕೂರಿಸಿ, ಡ್ರಾಬಾರ್‌ನ ತಲೆ ಅದಕ್ಕೆ ತಾಗಿ ನಿಲ್ಲುವಂತೆ ಮಾಡಿದೆ. ಗುಂಡಿ ಒತ್ತಿದರೆ ರೆಂಚ್ ಗರಗರ ಎನ್ನುತ್ತದೆ, ಅರೆಕ್ಷಣ ತಡೆದು 'ಟಕ್' ಎಂದು ಟೇಪರ್ ಬಿಟ್ಟುಕೊಳ್ಳುತ್ತದೆ. ಸಾಕೆಟ್ 12 ಮೂಲೆಯದಾದರೆ ತಲೆಯನ್ನು ಬೇಗ ಹುಡುಕಿಕೊಳ್ಳುತ್ತದೆ. ಬಾಯಿಯ ಅಂಚನ್ನು ಸ್ವಲ್ಪ ಉಜ್ಜಿ ಇಳಿಜಾರು ಮಾಡಿದ ಮೇಲೆ ಜಾರಿ ಕೂರುವುದು ಇನ್ನೂ ಸಲೀಸಾಯಿತು.

ಆದರೆ ಬಿಗಿಯುವುದಕ್ಕೂ ಅದೇ 90 ಪಿಎಸ್‌ಐ ಕೊಟ್ಟದ್ದು ನನ್ನ ದಡ್ಡತನ. ಎರಡೇ ಸೆಕೆಂಡಿನಲ್ಲಿ ಕೋಲೆಟ್ ಎಷ್ಟು ಕಚ್ಚಿಕೊಂಡಿತೆಂದರೆ, ಅದೇ ರೆಂಚಿನಿಂದ ಬಿಚ್ಚಲಾಗದೆ ಮತ್ತೆ ಸ್ಟೂಲು ಹತ್ತಿ, ಸ್ಪ್ಯಾನರಿಗೆ ಪೈಪು ತೊಡಿಸಿ ಎಳೆಯಬೇಕಾಯಿತು. ಬಿಗಿಯುವ ಬಲಕ್ಕಿಂತ ಬಿಚ್ಚುವ ಬಲ ಹೆಚ್ಚಿರಬೇಕೆಂಬುದು ಆಗ ತಲೆಗೆ ಹೋಯಿತು. ಬಿಗಿಯುವಾಗ ರೆಂಚಿಗೆ ಹೋಗುವ ಗಾಳಿಗೆ ಬೇರೆ ರೆಗ್ಯುಲೇಟರ್ ಹಾಕಿ ಒತ್ತಡವನ್ನು ಇಳಿಸಿದೆ. ಎಷ್ಟಕ್ಕೆ ಇಳಿಸಬೇಕೆಂದು ಲೆಕ್ಕ ಹಾಕಲಿಲ್ಲ. ಮೊದಲು ಕೈಯಿಂದ ಹಿತವಾಗಿ ಬಿಗಿದು, ಬಿಚ್ಚುವಾಗ ತಿರುಗಿಸುವ ಬಲವನ್ನು ಅಳೆಯುವ ಟಾರ್ಕ್ ರೆಂಚ್ ತೋರಿಸಿದ್ದನ್ನು ಬರೆದಿಟ್ಟುಕೊಂಡೆ. ಗಾಳಿಯಿಂದ ಬಿಗಿದದ್ದೂ ಅಷ್ಟಕ್ಕೇ ಬಿಚ್ಚಿಕೊಳ್ಳುವವರೆಗೆ ರೆಗ್ಯುಲೇಟರ್ ತಿರುಗಿಸಿದೆ.

ಇನ್ನೊಂದು ಪಾಠ ಕೊಂಚ ಗದ್ದಲದ್ದು. ಒಂದು ಸಂಜೆ ಸ್ಪ್ರಿಂಗ್ ಕೊಕ್ಕೆಯಿಂದ ಕಳಚಿ ತಟ್ಟೆ ಓರೆಯಾಗಿ ನಿಂತಿತ್ತು. ಸಾಕೆಟಿನ ಒಂದು ಮೂಲೆ ತಲೆಗೆ ತಗುಲಿಕೊಂಡಿತ್ತು. ನೋಡದೆ ಸ್ಪಿಂಡಲ್ ಚಾಲೂ ಮಾಡಿದೆ. ಕಡಿಮೆ ವೇಗದಲ್ಲಿದ್ದುದರಿಂದ ಬ್ರಾಕೆಟಿನ ಬೋಲ್ಟೊಂದು ಬಾಗಿದ್ದಷ್ಟಕ್ಕೆ ಮುಗಿಯಿತು. ಮರುದಿನವೇ ಕಂಬಿಗಳ ತುದಿಯಲ್ಲಿ ಲಿಮಿಟ್ ಸ್ವಿಚ್ ಕೂರಿಸಿ, ಮೋಟಾರಿಗೆ ವಿದ್ಯುತ್ ಕೂಡಿಸುವ ಕಾಂಟ್ಯಾಕ್ಟರ್‌ನ ಕಾಯಿಲ್‌ನ ಸಾಲಿನಲ್ಲೇ ಸೇರಿಸಿದೆ. ತಟ್ಟೆ ಪೂರ್ತಿ ಮೇಲೇರಿ ಸ್ವಿಚ್ಚನ್ನು ಒತ್ತಿದಾಗ ಮಾತ್ರ ಆ ಸರ್ಕ್ಯೂಟ್ ಕೂಡಿಕೊಳ್ಳುತ್ತದೆ. ತಂತಿ ತುಂಡಾದರೂ ಮೋಟಾರು ಹೊರಡುವುದಿಲ್ಲ. ಸ್ಪಿಂಡಲ್ ತಿರುಗುತ್ತಿರುವಾಗ ಗಾಳಿಯ ಗುಂಡಿ ತಾಗಿಬಿಟ್ಟರೆ ಈ ಸ್ವಿಚ್ ಕಾಪಾಡುವುದಿಲ್ಲ. ಅದಕ್ಕಾಗಿ ಗುಂಡಿಗಳ ಮೇಲೆ ಎತ್ತಿ ಒತ್ತಬೇಕಾದ ಮುಚ್ಚಳವೊಂದನ್ನು ಹಾಕಿದ್ದೇನೆ.

ಮೂರನೆಯ ಕೈಯ ತಾಪತ್ರಯ ತೀರಿದೆ: ಎಡಗೈಯಲ್ಲಿ ಕಟರ್ ಹಿಡಿದು ಬಲಗೈಯಲ್ಲಿ ಗುಂಡಿ ಒತ್ತುತ್ತೇನೆ. ಕಟರ್ ಹಿಡಿಯುವ ಕೈಗೆ ದಪ್ಪ ಬಟ್ಟೆ ಸುತ್ತಿಕೊಳ್ಳುತ್ತೇನೆ, ಭಾರದ ಬೋರಿಂಗ್ ಹೆಡ್ ಇದ್ದರೆ ಕೆಳಗೆ ಮರದ ತುಂಡನ್ನೂ ಇಡುತ್ತೇನೆ. ರೆಂಚ್ ಉಗುಳುವ ಎಣ್ಣೆಯ ಮಂಜು ಮಾತ್ರ ಇನ್ನೂ ನೇರ ನನ್ನ ಕನ್ನಡಕಕ್ಕೇ ಬರುತ್ತಿದೆ. ಹೊರಗಾಳಿಯ ಬಾಯಿಗೆ ಒಂದು ಕೊಳವೆ ಸಿಕ್ಕಿಸಿ ಹಿಂದಕ್ಕೆ ತಿರುಗಿಸಬೇಕು.