ಟ್ರಸ್ಟ್ ಬರೆಸಿದ್ದೀರಿ ಸರಿ, ಮನೆ ಅದರೊಳಗೆ ಇದೆಯಾ?

ಕ್ಯಾಲಿಫೋರ್ನಿಯಾದಲ್ಲಿ ಮನೆ ಕೊಂಡವರಿಗೆ ಲಿವಿಂಗ್ ಟ್ರಸ್ಟ್ (ಬದುಕಿರುವಾಗಲೇ ಆಸ್ತಿ ಹಾಕಿಡುವ ಟ್ರಸ್ಟ್) ಬೇಕು, ಬರೀ ವಿಲ್ ಇದ್ದರೆ ಪ್ರೊಬೇಟ್ ಕೋರ್ಟಿಗೆ, ಅಂದರೆ ಸತ್ತವರ ಆಸ್ತಿ ಹಂಚಿಕೊಡುವ ಕೋರ್ಟಿಗೆ, ಹೋಗಬೇಕು. ಇಷ್ಟು ಎಲ್ಲರಿಗೂ ಗೊತ್ತು. ನಾನು ಬರೆಯುತ್ತಿರುವುದು ಟ್ರಸ್ಟ್ ಫೈಲನ್ನು ಬೀರುವಿನಲ್ಲಿಟ್ಟು ನಿಶ್ಚಿಂತೆಯಾಗಿ ಕೂತವರಿಗೆ.

ಟ್ರಸ್ಟ್ ಕಾಗದಕ್ಕೆ ಸಹಿ ಹಾಕಿದ ಮೇಲೆ ಮನೆಯ ಡೀಡ್ (ಮಾಲೀಕತ್ವದ ಪತ್ರ) ಕೂಡ ಟ್ರಸ್ಟಿ, ಅಂದರೆ ಟ್ರಸ್ಟ್ ನೋಡಿಕೊಳ್ಳುವವರ, ಹೆಸರಿಗೆ ಬದಲಾಗಬೇಕು. ನೋಟರಿ ಮುಂದೆ ಸಹಿ ಮಾಡಿ ಕೌಂಟಿ ರೆಕಾರ್ಡರ್ ಹತ್ತಿರ ದಾಖಲಿಸಬೇಕು. ಒಳ್ಳೆ ವಕೀಲರಾದರೆ ಅವರೇ ಮಾಡಿಕೊಡುತ್ತಾರೆ. ಆನ್‌ಲೈನಿನಲ್ಲಿ ಅಗ್ಗದ ಪ್ಯಾಕೇಜ್ ತಗೊಂಡವರು ಇಲ್ಲೇ ಎಡವುತ್ತಾರೆ.

ಇದನ್ನು ಸರಿಯಾಗಿ ಮಾಡಿದವರೂ ಬೀಳುವ ಗುಂಡಿ ರೀಫೈನಾನ್ಸ್, ಅಂದರೆ ಹಳೆ ಸಾಲದ ಬದಲು ಹೊಸ ಸಾಲ ಮಾಡುವುದು. 2020-21ರಲ್ಲಿ ಬಡ್ಡಿ ಇಳಿದಾಗ ನಮ್ಮವರೆಲ್ಲ ಮುಗಿಬಿದ್ದು ಮಾಡಿಸಿದರು. ಸಾಲ ಕೊಡುವವರಲ್ಲಿ ಎಷ್ಟೋ ಮಂದಿ ಮೊದಲು ಮನೆಯನ್ನು ಟ್ರಸ್ಟಿನಿಂದ ತೆಗೆದು ನಿಮ್ಮ ಸ್ವಂತ ಹೆಸರಿಗೆ ಬರೆಸುತ್ತಾರೆ. ಆ ರಾಶಿ ಕಾಗದದಲ್ಲಿ ಅದಕ್ಕೂ ಒಂದು ಸಹಿ ಬಿದ್ದಿರುತ್ತದೆ. ವಾಪಸ್ ಟ್ರಸ್ಟಿಗೆ ಹಾಕಿಸುವ ನೆನಪು ಸಾಲದವರಿಗೂ ಇರುವುದಿಲ್ಲ, ನಿಮಗೂ ಇರುವುದಿಲ್ಲ.

ಫ್ರೀಮಾಂಟಿನಲ್ಲಿ ನಮಗೆ ಪರಿಚಯದ ಮನೆಯಲ್ಲಿ ಹೀಗೇ ಆಯಿತು. ಯಜಮಾನರು ಹೋದಾಗ ಜಂಟಿ ಹೆಸರಿದ್ದುದರಿಂದ ಮನೆ ಹೆಂಡತಿಗೆ ಬಂತು, ಯಾರಿಗೂ ಏನೂ ಗೊತ್ತಾಗಲಿಲ್ಲ. ಆಕೆಯೂ ಹೋದ ಮೇಲೆ ಮಗ ಟ್ರಸ್ಟ್ ಫೈಲ್ ಹಿಡಿದು ಹೋದರೆ ಡೀಡಿನಲ್ಲಿ ಅಮ್ಮನ ಹೆಸರು ಮಾತ್ರ! ಟ್ರಸ್ಟಿನ ಪಟ್ಟಿಯಲ್ಲಿ ಮನೆ ನಮೂದಾಗಿದ್ದರೆ, ಅದು ಟ್ರಸ್ಟಿನದ್ದೇ ಅಂತ ಘೋಷಿಸಿ ಎಂದು ಕೋರ್ಟನ್ನು ಕೇಳುವ ಹೆಗ್‌ಸ್ಟಡ್ ಅರ್ಜಿ ಅಂತ ಒಂದು ದಾರಿಯಿದೆ. ಆದರೆ ಆಮೇಲೆ ಹೊರಗೆ ತೆಗೆದ ಮನೆಗೆ ಅದು ಸಲೀಸಲ್ಲ.

ಅದೂ ಆಗದಿದ್ದರೆ ಪ್ರೊಬೇಟೇ ಗತಿ. ಪ್ರೊಬೇಟ್ ಫೀಸು ಕಾನೂನಿನಲ್ಲೇ ಬರೆದಿದೆ. ಮೊದಲ 1 ಲಕ್ಷ ಡಾಲರಿಗೆ ಶೇ. 4, ಮುಂದಿನ 1 ಲಕ್ಷಕ್ಕೆ ಶೇ. 3, ಅದರ ಮೇಲಿನ 8 ಲಕ್ಷಕ್ಕೆ ಶೇ. 2, ಆಮೇಲೆ ಶೇ. 1. ಸಾಲ ಕಳೆಯುವುದಿಲ್ಲ. 15 ಲಕ್ಷದ ಮನೆ ಮೇಲೆ 9 ಲಕ್ಷ ಸಾಲವಿದ್ದರೂ ವಕೀಲರಿಗೆ 28,000 ಡಾಲರ್. ಎಕ್ಸಿಕ್ಯೂಟರ್ (ವಿಲ್ ಜಾರಿ ಮಾಡುವವರು) ಕೇಳಿದರೆ ಅವರಿಗೂ ಅಷ್ಟೇ. 2025ರ ಏಪ್ರಿಲ್‌ನಿಂದ 7.5 ಲಕ್ಷದೊಳಗಿನ ವಾಸದ ಮನೆಗೆ ಸರಳ ಅರ್ಜಿ ಸಾಕು. ಬೇ ಏರಿಯಾದಲ್ಲಿ ಆ ಬೆಲೆಗೆ ಮನೆ ಎಲ್ಲಿದೆ, ನೀವೇ ಹೇಳಿ. ಊರಲ್ಲಿ ಪೌತಿ ಖಾತೆಗಾಗಿ ವಂಶವೃಕ್ಷ ಹಿಡಿದು ಅಲೆಯುವುದನ್ನು ಬೈಯುತ್ತೇವೆ. ಆದರೂ ಖರ್ಚಿನ ಲೆಕ್ಕದಲ್ಲಿ ಊರೇ ವಾಸಿ ಅಂತೀನಿ.

ಹಾಗಾಗಿ ಇವತ್ತೇ ನಿಮ್ಮ ಮನೆಯ ಕೊನೆಯ ಡೀಡ್ ತೆಗೆಸಿ ನೋಡಿ. ನಿಮ್ಮದೇ ರಿವೋಕಬಲ್ (ಬೇಕಾದಾಗ ರದ್ದು ಮಾಡಬಹುದಾದ) ಟ್ರಸ್ಟಿಗೆ ಹಾಕಿದರೆ ಪ್ರಾಪರ್ಟಿ ಟ್ಯಾಕ್ಸ್ ಏರುವುದಿಲ್ಲ. ನೀವೇ ವಾಸವಿರುವ ಮನೆಯಾದರೆ, ಇದೇ ಕಾರಣಕ್ಕೆ ಪೂರ್ತಿ ಸಾಲ ಕಟ್ಟಿ ಅಂತ ಬ್ಯಾಂಕ್ ಕೇಳುವಂತಿಲ್ಲ.

401(ಕೆ) ನಿವೃತ್ತಿ ಖಾತೆಯನ್ನು ಮಾತ್ರ ಟ್ರಸ್ಟ್ ಹೆಸರಿಗೆ ಬದಲಾಯಿಸಲು ಹೋಗಬೇಡಿ, ಬೆನಿಫಿಶಿಯರಿ ಹೆಸರು ಸರಿಯಿದ್ದರೆ ಆಯಿತು. ಚಿಕ್ಕ ಮಕ್ಕಳಿದ್ದರೆ ಗಾರ್ಡಿಯನ್ ಹೆಸರನ್ನು ವಿಲ್‌ನಲ್ಲಿ ಬರೆಸಿಡಿ. ಗಂಡನೋ ಹೆಂಡತಿಯೋ ಇನ್ನೂ ಗ್ರೀನ್ ಕಾರ್ಡಿನಲ್ಲಿದ್ದು ಆಸ್ತಿ ಜಾಸ್ತಿ ಇದ್ದರೆ ಎಸ್ಟೇಟ್ ಟ್ಯಾಕ್ಸ್ (ಸತ್ತವರ ಆಸ್ತಿ ಮೇಲಿನ ತೆರಿಗೆ) ಬಗ್ಗೆ ಬೇರೆಯಾಗಿ ಕೇಳಿ, ನಾಗರಿಕ ಸಂಗಾತಿಗೆ ಸಿಗುವ ಪೂರ್ತಿ ವಿನಾಯಿತಿ ಅವರಿಗಿಲ್ಲ.

ಊರಿನ ಸೈಟನ್ನು ಈ ಟ್ರಸ್ಟಿಗೆ ಎಳೆಯಬೇಡಿ. ಅದಕ್ಕೆ ಅಲ್ಲೇ ಒಂದು ವಿಲ್ ಬರೆಸಿ. ಇಲ್ಲಿನ ವಿಲ್‌ನಲ್ಲಿ 'ಹಿಂದಿನ ಎಲ್ಲ ವಿಲ್‌ಗಳೂ ರದ್ದು' ಅನ್ನುವ ಸಾಲು ಸಾಮಾನ್ಯವಾಗಿ ಇರುತ್ತದೆ. ಭಾರತದ ವಿಲ್ ಅದಕ್ಕೆ ಸೇರುವುದಿಲ್ಲ ಅಂತ ವಕೀಲರಿಂದ ಸ್ಪಷ್ಟವಾಗಿ ಬರೆಸಿಕೊಳ್ಳಿ.