ಸೋತ ಮೇಲೆ ಮೈಕ್ ಮುಂದೆ ಬಂದರೆ ಏನು ಮಾತಾಡಬೇಕು?

ತುಮಕೂರು ತಾಲ್ಲೂಕಿನ ಒಂದು ಊರಿನ ಜಾತ್ರೆಯಲ್ಲಿ ಹೊನಲು ಬೆಳಕಿನ ಕಬಡ್ಡಿ ಇತ್ತು. ನಾನು ಕರೆದುಕೊಂಡು ಹೋಗಿದ್ದ ಹುಡುಗರು ಫೈನಲ್‌ನಲ್ಲಿ ಎರಡು ಅಂಕದಿಂದ ಸೋತರು. ಯಾರೋ ಫೋನ್ ಹಿಡಿದು ಬಂದು ‘ಯಾಕೆ ಸೋತ್ರಿ?’ ಅಂತ ಕ್ಯಾಪ್ಟನ್‌ನನ್ನು ಕೇಳಿದರು. ಏದುಸಿರು ಬಿಡುತ್ತಿದ್ದ ಹುಡುಗ ‘ಕಾರ್ನರ್‌ನವನು ಸುಮ್ನೆ ಮುಂದೆ ನುಗ್ಗಿದ, ಅವನಿಂದಲೇ ಹೋಯ್ತು’ ಅಂದುಬಿಟ್ಟ. ಬೆಳಗಾಗುವುದರೊಳಗೆ ಆ ವಿಡಿಯೊ ಎಲ್ಲರ ವಾಟ್ಸ್ಆ್ಯಪ್‌ನಲ್ಲಿತ್ತು. ಕಾರ್ನರ್, ಅಂದರೆ ಅಂಗಳದ ಮೂಲೆ ಕಾಯುವ ಜಾಗದಲ್ಲಿ ಆಡಿದ ಹುಡುಗ ಮೂರು ವಾರ ಅಭ್ಯಾಸಕ್ಕೆ ಬರಲಿಲ್ಲ. ಕ್ಯಾಪ್ಟನ್‌ನನ್ನು ಬೈದು ಏನು ಪ್ರಯೋಜನ? ರೈಡ್ ಕಲಿಸಿದ್ದೆವು, ಮಾತು ಕಲಿಸಿರಲಿಲ್ಲ.

ದೊಡ್ಡ ಆಟಗಾರರು ಇದನ್ನೂ ಕಲಿತೇ ಬಂದಿರುತ್ತಾರೆ. ಅವರಿಂದ ನಮ್ಮ ಮಕ್ಕಳು ಎತ್ತಿಕೊಳ್ಳಬಹುದಾದದ್ದು ಬೇಕಾದಷ್ಟಿದೆ.

ಮೊದಲು ನೀರು ಕುಡಿಯಿರಿ

ಅಮೆರಿಕದ ಎನ್‌ಎಫ್‌ಎಲ್ ಫುಟ್‌ಬಾಲ್‌ನಲ್ಲಿ ಪಂದ್ಯ ಮುಗಿದ ಮೇಲೆ ಹತ್ತು ಹನ್ನೆರಡು ನಿಮಿಷ ವರದಿಗಾರರನ್ನು ಡ್ರೆಸ್ಸಿಂಗ್ ರೂಮಿಗೆ ಬಿಡುವುದಿಲ್ಲ. ತಲೆ ತಣ್ಣಗಾಗಲಿ ಅಂತಲೇ ಆ ನಿಯಮ. ನಮ್ಮಲ್ಲಿ ಅಂಥ ನಿಯಮವಿಲ್ಲ. ಹಾಗಾಗಿ ಆಟಗಾರನೇ ಕೇಳಿ ಪಡೆಯಬೇಕು. ‘ಎರಡು ನಿಮಿಷ ಅಣ್ಣ, ನೀರು ಕುಡಿದು ಬರ್ತೀನಿ’ ಅಂದರೆ ಯಾರೂ ಬೇಡ ಅನ್ನುವುದಿಲ್ಲ.

ಮೊದಲ ಮಾತು ಆಟದ ಬಗ್ಗೆ ಇರಲಿ

2023ರ ನವೆಂಬರ್ 19ರಂದು ಅಹಮದಾಬಾದ್‌ನಲ್ಲಿ ವಿಶ್ವಕಪ್ ಫೈನಲ್ ಸೋತ ರೋಹಿತ್ ಶರ್ಮಾ ಅವರಿಗೆ ನೀರು ಕುಡಿಯುವಷ್ಟೂ ಬಿಡುವು ಸಿಕ್ಕಿರಲಿಕ್ಕಿಲ್ಲ. ಸತತ ಹತ್ತು ಪಂದ್ಯ ಗೆದ್ದು ಬಂದ ತಂಡ ಅದು. ಆದರೂ ಬಹುಮಾನ ವಿತರಣೆಯಲ್ಲಿ ನಿಂತು, ಇನ್ನೊಂದು 20–30 ರನ್ ಇದ್ದಿದ್ದರೆ ಚೆನ್ನಾಗಿತ್ತು ಅಂದರು. ಆಸ್ಟ್ರೇಲಿಯಾದ ಟ್ರಾವಿಸ್ ಹೆಡ್, ಲಬುಶೇನ್ ಜೊತೆಯಾಟವನ್ನು ಮೆಚ್ಚಿದರು. ಎಲ್ಲಿ ಕಡಿಮೆಯಾಯಿತು, ಎದುರಾಳಿ ಏನು ಚೆನ್ನಾಗಿ ಮಾಡಿದರು, ಇಷ್ಟು ಹೇಳಿದರೆ ಉತ್ತರ ಮುಗಿಯಿತು. ಕಬಡ್ಡಿಯಲ್ಲಾದರೆ, ‘ದ್ವಿತೀಯಾರ್ಧದಲ್ಲಿ ಆಲೌಟ್ ಆದದ್ದು ದುಬಾರಿಯಾಯ್ತು, ಅವರ ರೈಡರ್ ಬೋನಸ್ ಬಿಡದೆ ತಗೊಂಡ್ರು’ ಅನ್ನಬಹುದು.

ಹೆಸರು ಕೇಳಿದರೆ ಹೆಸರು ಕೊಡಬೇಡಿ

ಎಲ್ಲಕ್ಕಿಂತ ಮುಖ್ಯವಾದದ್ದು ಇದೇ. ಸೋತ ತಂಡದ ಮುಂದೆ ಬರುವ ಪ್ರಶ್ನೆಗಳಲ್ಲಿ ಎಷ್ಟೋ ಪ್ರಶ್ನೆಗಳು ಸುತ್ತಿ ಬಳಸಿ ಒಂದೇ ಕಡೆ ಬರುತ್ತವೆ: ತಪ್ಪು ಯಾರದ್ದು?

2021ರ ಅಕ್ಟೋಬರ್ 24ರಂದು ದುಬೈನಲ್ಲಿ ಭಾರತ ಟಿ20 ವಿಶ್ವಕಪ್‌ನಲ್ಲಿ ಪಾಕಿಸ್ತಾನದ ಎದುರು 10 ವಿಕೆಟ್‌ಗಳಿಂದ ಸೋತಿತು. ರೋಹಿತ್ ಮೊದಲ ಎಸೆತಕ್ಕೇ ಔಟಾಗಿದ್ದರು. ಅವರಿಗಿಂತ ಇಶಾನ್ ಕಿಶನ್ ಚೆನ್ನಾಗಿ ಆಡುತ್ತಿರಲಿಲ್ಲವೇ ಎಂಬ ಪ್ರಶ್ನೆ ಬಂತು. ನಾಯಕ ವಿರಾಟ್ ಕೊಹ್ಲಿ, ನೀವಾದರೆ ಟಿ20 ತಂಡದಿಂದ ರೋಹಿತ್‌ನನ್ನು ಕೈಬಿಡುತ್ತೀರಾ ಎಂದು ತಿರುಗಿ ಕೇಳಿದರು. ಅಲ್ಲಿಗೆ ಆ ಮಾತು ನಿಂತಿತು.

ನಮ್ಮ ರಾಹುಲ್ ದ್ರಾವಿಡ್ ಅವರದು ಇನ್ನೂ ಮೆತ್ತಗಿನ ದಾರಿ. ಅಹಮದಾಬಾದ್ ಸೋಲಿನ ರಾತ್ರಿ ಪತ್ರಿಕಾಗೋಷ್ಠಿಗೆ ಬಂದದ್ದು ಕೋಚ್ ಆಗಿದ್ದ ಅವರೇ. ರೋಹಿತ್ ಬಗ್ಗೆ ಕೇಳಿದಾಗ, ಅವರಿಗೂ ಬೇಸರವಾಗಿದೆ, ತಂಡದ ಬಹಳ ಹುಡುಗರಿಗೂ ಆಗಿದೆ ಎಂದರು. ಹುಡುಗರ ಶ್ರಮ ಗೊತ್ತಿರುವ ಕೋಚ್ ಆಗಿ ಡ್ರೆಸ್ಸಿಂಗ್ ರೂಮ್ ನೋಡುವುದು ಕಷ್ಟವಾಯಿತು ಎಂದೂ ಹೇಳಿದರು. ಒಬ್ಬರ ಮೇಲೆ ಬೀಳಬೇಕಿದ್ದ ಭಾರ ಇಡೀ ತಂಡಕ್ಕೆ ಹಂಚಿಹೋಯಿತು. ಸುಳ್ಳು ಹೇಳಲಿಲ್ಲ, ನೋವನ್ನೂ ಮುಚ್ಚಿಡಲಿಲ್ಲ. ಆ ಉತ್ತರ ನೆನೆಸಿಕೊಂಡರೆ ನನಗೆ ಈಗಲೂ ಮನಸ್ಸು ತುಂಬಿ ಬರುತ್ತೆ.

ಮಕ್ಕಳಿಗೆ ಹೇಳಿಕೊಡಲು ಸುಲಭ. ‘ಅವನು’ ಅನ್ನುವ ಕಡೆ ‘ನಾವು’ ಅನ್ನಿ. ‘ನಾವು ಅವಸರ ಮಾಡಿದ್ವಿ, ಕಾಯಬೇಕಿತ್ತು.’ ಮೈಕ್‌ನಲ್ಲಿ ಆಡಿದ ಮಾತು ಊರಿಗೆ ಮಾತ್ರ ಅಲ್ಲ, ಮೂಲೆಯಲ್ಲಿ ತಲೆ ತಗ್ಗಿಸಿ ಕೂತ ಜೊತೆಗಾರನಿಗೂ ಕೇಳಿಸುತ್ತೆ, ಅಲ್ವಾ?

ಅಂಪೈರ್ ಸುದ್ದಿ ಬೇಡ

ತೀರ್ಪು ತಪ್ಪು ಅನ್ನಿಸಿದರೆ ಮ್ಯಾನೇಜರ್ ಮೂಲಕ ಸಂಘಟಕರಿಗೆ ಹೇಳಿ. 2023ರ ಜುಲೈನಲ್ಲಿ ಮೀರ್‌ಪುರದಲ್ಲಿ ಬಾಂಗ್ಲಾದೇಶದ ಎದುರಿನ ಪಂದ್ಯ ಟೈ ಆದಾಗ ಭಾರತ ಮಹಿಳಾ ಕ್ರಿಕೆಟ್ ತಂಡದ ನಾಯಕಿ ಹರ್ಮನ್‌ಪ್ರೀತ್ ಕೌರ್ ಬಹುಮಾನ ವಿತರಣೆಯಲ್ಲೇ ಅಂಪೈರಿಂಗ್ ಬಗ್ಗೆ ಸಿಟ್ಟಿನ ಮಾತಾಡಿದರು. ಆ ಮಾತಿಗೇ ಪಂದ್ಯದ ಸಂಭಾವನೆಯ ಶೇ 25 ದಂಡ ಬಿತ್ತು. ಸ್ಟಂಪ್‌ಗೆ ಬ್ಯಾಟ್ ಬೀಸಿದ್ದಕ್ಕೆ ಇನ್ನೂ ಶೇ 50. ಜೊತೆಗೆ ಎರಡು ಪಂದ್ಯ ನಿಷೇಧ.

ಚುಚ್ಚುವ ಪದವನ್ನು ನೀವು ಹೇಳಬೇಡಿ

2023ರಲ್ಲಿ ಅಮೆರಿಕದ ಮಿಲ್ವಾಕಿ ಬಕ್ಸ್ ಬ್ಯಾಸ್ಕೆಟ್‌ಬಾಲ್ ತಂಡ ಪ್ಲೇಆಫ್‌ನ ಮೊದಲ ಸುತ್ತಲ್ಲೇ ಹೊರಬಿತ್ತು. ಈ ಸೀಸನ್ ವೈಫಲ್ಯವೇ ಎಂದು ವರದಿಗಾರರೊಬ್ಬರು ಆ ತಂಡದ ತಾರೆ ಯಾನಿಸ್ ಆಂಟೆಟೊಕೂಂಪೊ ಅವರನ್ನು ಕೇಳಿದರು. ನಿಮಗೆ ಪ್ರತಿ ವರ್ಷ ಬಡ್ತಿ ಸಿಗುತ್ತಾ, ಸಿಗದಿದ್ದರೆ ಆ ವರ್ಷದ ಕೆಲಸವೆಲ್ಲ ವ್ಯರ್ಥವಾ ಎಂದರು ಅವರು. ಹದಿನಾರರ ಹುಡುಗನಿಗೆ ಅಷ್ಟು ಹೊಳೆಯಬೇಕಿಲ್ಲ. ‘ಬೇಜಾರಾಗಿದೆ, ಮುಂದಿನ ಸಲ ನೋಡ್ತೀವಿ’ ಸಾಕು.

ಆಗದಿದ್ದರೆ ಒತ್ತಾಯ ಬೇಡ

2021ರ ಫ್ರೆಂಚ್ ಓಪನ್‌ನಲ್ಲಿ ಟೆನಿಸ್ ಆಟಗಾರ್ತಿ ನವೊಮಿ ಒಸಾಕಾ ಮೊದಲ ಪಂದ್ಯ ಗೆದ್ದಿದ್ದರೂ ಪತ್ರಿಕಾಗೋಷ್ಠಿಗೆ ಹೋಗಲಿಲ್ಲ. 15,000 ಡಾಲರ್ ದಂಡ ಬಿತ್ತು. ಕೊನೆಗೆ ಟೂರ್ನಿಯಿಂದಲೇ ಹೊರಬಂದು, ತಮ್ಮ ಖಿನ್ನತೆಯ ಬಗ್ಗೆ ಹೇಳಿಕೊಂಡರು. ಮಗು ಅಳುತ್ತಿದ್ದರೆ ಕೋಚ್ ಮುಂದೆ ಬಂದು ಮಾತಾಡಲಿ. ಫೋನ್ ಹಿಡಿದವರಿಗೆ ‘ಇವತ್ತು ಬೇಡ’ ಅನ್ನುವುದು ದೊಡ್ಡವರ ಕೆಲಸ.

ಅಭ್ಯಾಸ ಮಾಡಿಸಿ

ಇದಕ್ಕೆ ಖರ್ಚಿಲ್ಲ. ಜೂನಿಯರ್ ಕಾಲೇಜು ಮೈದಾನದಲ್ಲಿ ನಾವೇ ತಂಡ ಮಾಡಿ ಆಡಿದ ದಿನ ಸೋತವರಲ್ಲಿ ಒಬ್ಬನನ್ನು ನಿಲ್ಲಿಸುತ್ತೇವೆ. ಇನ್ನೊಬ್ಬ ಫೋನ್ ಹಿಡಿದು ಮೂರು ಪ್ರಶ್ನೆ ಕೇಳುತ್ತಾನೆ. ಆಮೇಲೆ ಎಲ್ಲರೂ ಕೂತು ವಿಡಿಯೊ ನೋಡುತ್ತೇವೆ. ಮೂರು ವಾರ ಬಾರದಿದ್ದ ಆ ಕಾರ್ನರ್ ಹುಡುಗನನ್ನು ಕ್ಯಾಪ್ಟನ್ನೇ ಮನೆಗೆ ಹೋಗಿ ಕರೆತಂದ. ಈಗ ಫೋನ್ ಹಿಡಿಯುವವನು ಅವನೇ. ಬಲು ಕಷ್ಟದ ಪ್ರಶ್ನೆಗಳನ್ನೇ ಕೇಳುತ್ತಾನೆ.