ಪೆಟ್ಟಾದ ತಲೆಗೆ ಒಂದು ಜೇಬು ಪುಸ್ತಕ

ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಮೇಲೆ ನನಗೆ ಹಳೆಯದೆಲ್ಲ ನೆನಪಿತ್ತು, ಬೆಳಿಗ್ಗೆ ಮಾತ್ರೆ ನುಂಗಿದೆನಾ ಅನ್ನೋದು ಮಾತ್ರ ಇರಲಿಲ್ಲ. ಸೋಮಾರಿತನ ಅಲ್ಲ ಇದು. ಹೊಸದನ್ನು ನೆನಪಿನಲ್ಲಿ ಕೂರಿಸುವ ಹಿಪೊಕ್ಯಾಂಪಸ್ ಅನ್ನೋ ಮೆದುಳಿನ ಭಾಗ ತಲೆಗೆ ಪೆಟ್ಟು ಬಿದ್ದರೆ ಬೇಗ ಸೋಲುತ್ತದೆ.

ಚೀಟಿ ಬೇಡ, ಕಳೆದುಹೋಗುತ್ತದೆ. ಅಂಗಿ ಜೇಬಿಗೆ ಹಿಡಿಯುವ ಒಂದೇ ಪುಸ್ತಕ ಸಾಕು. ಮಾತ್ರೆ ನುಂಗಿದ ಕೂಡಲೇ ಗಂಟೆ ಬರೆದು ಗೀಟು ಹಾಕಿ, 'ಆಮೇಲೆ ಬರೀತೇನೆ' ಅಂದರೆ ಮುಗೀತು. ಪುಸ್ತಕ ನೋಡೋದೇ ಮರೆಯುತ್ತದೆ ಅಲ್ವಾ, ಅದಕ್ಕೆ ಫೋನಿನಲ್ಲಿ ಅಲಾರಂ ಇಡಿ. ಬಸ್ಸಿನ ಬೋರ್ಡು ಮಲಯಾಳದಲ್ಲೇ ಇದ್ದರೆ ಆ ಅಕ್ಷರದ ಆಕಾರವನ್ನೂ ಬರೆದುಕೊಳ್ಳಿ.

ಹೊಸ ಹೆಸರನ್ನು ಸುಮ್ನೆ ಊಹಿಸಬೇಡಿ, ತಪ್ಪೇ ತಲೆಯಲ್ಲಿ ಕೂರುತ್ತದೆ. ಸರಿಯಾದದ್ದನ್ನು ಕೇಳಿ, 1 ನಿಮಿಷ ಬಿಟ್ಟು ಹೇಳಿ, ಮತ್ತೆ 5 ನಿಮಿಷಕ್ಕೆ, ಮತ್ತೆ 10ಕ್ಕೆ. ಮನೆಯವರು 'ನೆನಪಿಲ್ವಾ?' ಅಂತ ಪರೀಕ್ಷೆ ಮಾಡೋದನ್ನು ಮೊದಲು ನಿಲ್ಲಿಸಲಿ.